ವ್ಯಾನಿಟಿ ಬ್ಯಾಗಿನ ಚಾಕು

ನನ್ನನ್ನು ನೋಡಲು ಬಂದ ದಿನ ನನ್ನ ಮಾವನವರು ಎಲ್ಲರೆದುರು ಚಾಕು ತೆಗೆದರು.

ಕೂಡ್ಲಿಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಮುಗಿಸಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಮೂಲೆಯ ಬುಟ್ಟಿಯಲ್ಲಿ ನಮ್ಮ ಹಿತ್ತಲಿನ ಪೇರಲ ಹಣ್ಣುಗಳಿದ್ದವು. ಅವನ್ನು ಕಂಡ ಮಾವನವರು, "ಮನೀ ಗಿಡದವೇನ್ರಿ?" ಎಂದು ಕೇಳಿದರು. ಅಮ್ಮ ನಾಚಿಕೊಂಡು, ಹೆಚ್ಚಿ ತರುತ್ತೇನೆಂದು ಈಳಿಗೆಮಣೆಗಾಗಿ ಒಳಗೆ ಹೊರಟಳು. "ಇರ್ಲಿ ಬಿಡ್ರಿ ತಂಗಿ, ನನ್ನತ್ರ ಐತಿ" ಎಂದವರೇ ಅಂಗಿ ಎತ್ತಿ, ಉಡದಾರಕ್ಕೆ ಕಟ್ಟಿಕೊಂಡಿದ್ದ ಮಡಚುವ ಚಾಕನ್ನು ಬಿಚ್ಚಿ, ಹಣ್ಣನ್ನು ಹೋಳು ಮಾಡಿದರು. ಮೊದಲ ಹೋಳನ್ನು ತಮ್ಮ ಮಗನಿಗೂ ಕೊಡಲಿಲ್ಲ, ನಮ್ಮಪ್ಪನಿಗೂ ಕೊಡಲಿಲ್ಲ. ನನ್ನ ಕಡೆ ಚಾಚಿದರು.

"ತಗೋಳವ್ವಾ. ನಿಂತು ನಿಂತು ಸಾಕಾಗಿರ್ತೈತಿ ನಿನಗ."

ಬಾಗಿಲ ಹಿಂದಿದ್ದ ನಮ್ಮ ಚಿಕ್ಕಮ್ಮ, "ಚಾಕು ಕಟ್ಗೊಂಡು ಹೆಣ್ಣು ನೋಡಾಕ ಬಂದಾರಲ್ಲೇ ಇವರು!" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಹುಡುಗನ ಮುಖವನ್ನು ಆ ಹೊತ್ತಿನವರೆಗೂ ನಾನು ಸರಿಯಾಗಿ ನೋಡಿರಲಿಲ್ಲ. ಆದರೆ ಹೋಳು ಬಾಯಿಗಿಡುವಾಗಲೇ ಈ ಮನೆಗೆ ಹೋಗಬಹುದು ಅನ್ನಿಸಿಬಿಟ್ಟಿತು.

ಅವರ ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ಮಾವನವರು ಸಂತೆಗಳಲ್ಲಿ ಹಗ್ಗ ಮಾರುತ್ತಿದ್ದರು. ಕೊಟ್ಟೂರು, ಹರಪನಹಳ್ಳಿ, ಅದರ ಹತ್ತಿರದ ಅರಸೀಕೆರೆ, ಹಡಗಲಿ ಎಂದು ವಾರವಿಡೀ ತಿರುಗಾಟ. ದನದ ಕೊರಳ ಹಗ್ಗ, ಬಾವಿ ಹಗ್ಗ, ಮೂಗುದಾರ, ಆಮೇಲಾಮೇಲೆ ಬಂದ ಬಣ್ಣಬಣ್ಣದ ನೈಲಾನ್ ಹಗ್ಗ, ಎಲ್ಲವನ್ನೂ ಗಿರಾಕಿ ಕೇಳಿದಷ್ಟು ಅಳೆದು ಕತ್ತರಿಸಿ ಕೊಡಬೇಕು. ಅವರಿಗೆ ಚಾಕು ಅಂದರೆ ದಿನದ ಊಟದಷ್ಟೇ ಸಹಜ. ನನ್ನ ಗಂಡನಿಗೆ ಅದರ ಗೀಳಿರಲಿಲ್ಲ. ಅವರು ಬಸ್ ಸ್ಟ್ಯಾಂಡ್ ಹಿಂದೆ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡು, ಇಕ್ಕಳ, ಸ್ಕ್ರೂಡ್ರೈವರುಗಳ ನಡುವೆಯೇ ಸುಖವಾಗಿದ್ದರು. ಅತ್ತೆಯವರಂತೂ ಗಂಡನ ಚಾಕನ್ನು ಮುಟ್ಟುತ್ತಲೇ ಇರಲಿಲ್ಲ. ಸ್ನಾನಕ್ಕೆ ಹೋಗುವಾಗ ಮಾವನವರು ಅದನ್ನು ಕಟ್ಟೆಯ ಮೇಲೆ ಬಿಟ್ಟು ಹೋದರೆ, ಅತ್ತೆ ಅದರ ಸುತ್ತ ಕಸ ಗುಡಿಸುತ್ತಿದ್ದರೇ ಹೊರತು ಎತ್ತಿಡುತ್ತಿರಲಿಲ್ಲ. "ಅದು ಗಂಡಸರ ಸಾಮಾನು" ಎನ್ನುವುದು ಅವರ ಮಾತು.

ತೊಂಬತ್ತರ ದಶಕದ ನಡುವಿನ ಮಾತು. ಮದುವೆಯಾದ ಮೇಲೆ ನನಗೆ ಪ್ರಾಥಮಿಕ ಶಾಲೆಯ ಟೀಚರ್ ಕೆಲಸ ಸಿಕ್ಕಿತು. ಶಾಲೆಯಿದ್ದ ಊರು ಮಾಗಳದ ಆಚೀಚೆ, ತುಂಗಭದ್ರೆಯ ದಂಡೆಗೆ ಹತ್ತಿರ. ಬೆಳಿಗ್ಗೆ ಬಸ್ಸಿನಲ್ಲಿ ಹಡಗಲಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಅದು ಬಾರದಿದ್ದರೆ ಟೆಂಪೋ.

ಶಾಲೆಯಲ್ಲಿ ನನಗೆ ಮೊದಲು ಹೆದರಿಕೆ ಹುಟ್ಟಿಸಿದ್ದು ಬ್ಲೇಡು. ಮಕ್ಕಳು ಪೆನ್ಸಿಲ್ ಕೆತ್ತಲು ಅಪ್ಪಂದಿರು ಗಡ್ಡ ಮಾಡಿ ಬಿಸಾಡಿದ ಬ್ಲೇಡನ್ನು ಅರ್ಧಕ್ಕೆ ಮುರಿದು, ಕಾಗದದಲ್ಲಿ ಸುತ್ತಿ ತರುತ್ತಿದ್ದರು. ಒಂದು ದಿನ ಎರಡನೇ ತರಗತಿಯ ಹುಡುಗಿಯೊಬ್ಬಳು ಕೈ ಕೊಯ್ದುಕೊಂಡು, ಅಳದೆ, ಬೆರಳನ್ನು ಲಂಗದಲ್ಲಿ ಮುಚ್ಚಿಕೊಂಡು ಕೂತಿದ್ದಳು. ಅವತ್ತೇ ಎಲ್ಲರ ಬ್ಲೇಡುಗಳನ್ನೂ ಇಸಿದುಕೊಂಡೆ. ಪೆನ್ಸಿಲ್ ಕೆತ್ತುವ ಮೆಂಡರು ಒಂದು ತಂದೆ. ಆ ಅಗ್ಗದ ಪೆನ್ಸಿಲುಗಳ ಸೀಸ ಅದರೊಳಗೆ ತುಂಡಾಗಿ ಸಿಕ್ಕಿಕೊಳ್ಳುತ್ತಿತ್ತು. ಚಾಕೇ ಬೇಕಾಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಮಾವನವರನ್ನು ಕೇಳಿದೆ. "ಮಾವಾರ, ನಿಮ್ಮ ಹಳೇ ಚಾಕು ಯಾವ್ದಾದ್ರೂ ಇದ್ರ ಕೊಡ್ರಿ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕೈ ನೋಡಿದರು. "ನಂದು ನಿನಗ ಹೊಂದಾಂಗಿಲ್ಲವ್ವಾ. ನನ್ನ ಚಪ್ಲಿ ನೀ ಮೆಟ್ಟಾಕಾಗತೈತೇನು? ನಿನ್ನ ಕೈಗೆ ನಿಂದ ಬೇಕು. ಐತವಾರ ಹರಪನಹಳ್ಳಿಗೆ ಹೋಗಣು."

"ಹೌದೌದು, ಸೊಸೀಗೆ ಚಾಕು ಕೊಡಸ್ರಿ" ಎಂದರು ಅತ್ತೆ, ಸಾರು ಬಡಿಸುತ್ತ. "ನಾಳೆ ಕತ್ತಿ, ಗುರಾಣಿ ಕೊಡಸ್ರಿ. ಊರಾಗ ಯಾರ ಹೆಣ್ಮಕ್ಳು ಚಾಕು ಇಟ್ಗೊಂಡು ಬಸ್ ಹತ್ತತಾರ?" ನನ್ನ ಗಂಡ ತಟ್ಟೆಯ ಮೇಲೆ ಬಾಗಿ ನಗು ಮುಚ್ಚಿಕೊಂಡರು.

ಹರಪನಹಳ್ಳಿಯ ಕಬ್ಬಿಣದ ಸಾಮಾನಿನ ಅಂಗಡಿಯ ಮಾಲೀಕರು ಮಾವನವರಿಗೆ ಹಳೆಯ ಪರಿಚಯ. ಯಾರಿಗೆ ಚಾಕು ಎಂದು ಕೇಳಿದರು. ಸೊಸೆಗೆ ಎಂದ ಕೂಡಲೇ ಗಾಜಿನ ಕಪಾಟಿನಿಂದ ನೇಲ್ ಕಟರ್ ಒಂದನ್ನು ತೆಗೆದು, ಅದಕ್ಕೆ ಅಂಟಿಕೊಂಡಿದ್ದ ಪುಟ್ಟ ಅಲಗನ್ನು ಬಿಡಿಸಿ ತೋರಿಸಿದರು.

"ಹೆಣ್ಮಕ್ಳಿಗೆ ಇದು ಚಲೋ ಐತ್ರಿ. ಉಗುರಿಗೂ ಆತು, ಚಾಕಿಗೂ ಆತು."

"ಉಗುರು ಕತ್ತರಿಸಾಕ ಬಂದಿಲ್ಲೋ ಮಾರಾಯ" ಎಂದರು ಮಾವನವರು. "ಚಾಕು ತೋರಸು. ನನಗ ತೋರಸ್ತಿಯಲ್ಲ, ಅವನ್ನ ತೋರಸು."

ಮಾಲೀಕರು ಹಳೆಯ ಪೇಪರು ಹಾಸಿ ಚಾಕುಗಳನ್ನು ಸುರಿದರು. ಮರದ ಹಿಡಿಯವು, ಪ್ಲಾಸ್ಟಿಕ್ ಹಿಡಿಯವು, ಕಬ್ಬಿಣದ್ದೇ ಹಿಡಿಯವು. ಮಾವನವರು ಒಂದೊಂದನ್ನೂ ಬಿಡಿಸಿ, ಅಲಗಿನ ತುದಿ ಹಿಡಿದು ಆಕಡೆ ಈಕಡೆ ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದು ಮಡಚಿ ಸದ್ದು ಕೇಳುತ್ತಿದ್ದರು. ನನ್ನ ಕಣ್ಣು ಮಾತ್ರ ಒಂದೇ ಚಾಕಿನ ಮೇಲೆ ನೆಟ್ಟಿತ್ತು. ಹಿತ್ತಾಳೆಯದು, ಮೀನಿನ ಆಕಾರ. ಮೈಮೇಲೆ ಹುರುಪೆ ಕೊರೆದಿದ್ದರು, ಕಣ್ಣಿನ ಜಾಗದಲ್ಲಿ ಕೆಂಪು ಹರಳು. ಅಲಗು ಮೀನಿನ ಹೊಟ್ಟೆಯೊಳಗೆ ಅಡಗಿ ಕೂರುತ್ತಿತ್ತು.

"ಇದು ಮಾವಾರ" ಎಂದೆ.

ಅವರು ಅದನ್ನು ಬಿಡಿಸಿದರು, ಅಲ್ಲಾಡಿಸಿದರು. ಹುಬ್ಬು ಸ್ವಲ್ಪ ಮೇಲೇರಿತು. ನನ್ನ ಮುಖ ನೋಡಿದರು. "ಚಂದ ಐತಿ" ಎಂದಷ್ಟೇ ಹೇಳಿ, ಅದನ್ನೇ ಕಟ್ಟಿಸಿದರು.

ಮಕ್ಕಳಿಗೆ ಆ ಮೀನು ಬಹಳ ಹಿಡಿಸಿತು. ಸೀಸ ಇನ್ನೂ ಚೂಪಾಗಿದ್ದರೂ ಪೆನ್ಸಿಲ್ ತಂದು ಚಾಚುತ್ತಿದ್ದರು. "ಟೀಚರ್, ಮೀನು ಬಾಯಿ ತೆಗೀರಿ!" ಎಂದು ಕೂಗುತ್ತಿದ್ದರು. ನನಗೂ ದಿನಕ್ಕೊಮ್ಮೆಯಾದರೂ ಅದನ್ನು ತೆಗೆದು ಸೆರಗಿನಿಂದ ಉಜ್ಜುವುದು ಅಭ್ಯಾಸವಾಯಿತು.

ಮಳೆಗಾಲ ಶುರುವಾದ ಹೊತ್ತಿಗೆ, ಗೋಡೆಗೆ ಭೂಪಟ ತೂಗು ಹಾಕಲು ದಪ್ಪ ಕತ್ತದ ಹಗ್ಗವೊಂದನ್ನು ಆ ಚಾಕಿನಿಂದ ಕೊಯ್ಯುತ್ತಿದ್ದೆ. ಹಗ್ಗ ಬಗ್ಗಲಿಲ್ಲ. ಅಲಗನ್ನು ಹೊರಳಿಸಿ, ಬೆನ್ನಿನ ಕಡೆಯಿಂದ ಎಳೆಗಳನ್ನು ಮೀಟಲು ಹೋದೆ. ಮೀನು ಟಪ್ಪೆಂದು ಬಾಯಿ ಮುಚ್ಚಿಕೊಂಡಿತು. ಒಳಗೆ ನನ್ನ ತೋರುಬೆರಳಿತ್ತು.

ಹೆಡ್‌ಮಾಸ್ತರರು ತಮ್ಮ ಕರ್ಚೀಫು ಹರಿದು ಕಟ್ಟಿ, ಆಸ್ಪತ್ರೆಗೆ ಕಳಿಸಿದರು. ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಾಗ ಅತ್ತೆಯವರು ಕೈ ಹಿಡಿದು ನೋಡಿ, "ಹೇಳಿದ್ದಿಲ್ಲೇನು ನಾ?" ಎಂದು ಬೈಯುತ್ತಲೇ ತಾವೇ ಅನ್ನ ಕಲಸಿ ತುತ್ತು ಕೊಟ್ಟರು. ಅವರ ಬೈಗುಳ ನನ್ನ ಮೇಲೆ ಶುರುವಾಗಿ, ಚಾಕಿನ ಮೇಲೆ ಹಾದು, ಕೊನೆಗೆ ಮಾವನವರ ಮೇಲೆ ಹೋಗಿ ನಿಂತಿತು. ಊಟವಾದ ಮೇಲೆ ಮಾವನವರು ಅಂಗಳದ ಕಟ್ಟೆಯಲ್ಲಿ ನನ್ನ ಪಕ್ಕ ಕೂತು, ಮೀನನ್ನು ಕೈಯಲ್ಲಿ ಹೊರಳಿಸುತ್ತ ಹೇಳಿದರು.

"ಇದರ ಮೊಳಿ ಸಡ್ಲ ಐತಿ ಅಂತ ಅವತ್ತ ಗೊತ್ತಿತ್ತವ್ವಾ ನನಗ. ನೀ ಅಷ್ಟು ಖುಷೀಲಿ ನಿಂತಿದ್ದಿ. ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ. ಅಂದಿದ್ರ ಚಲೋ ಇತ್ತು."

ಆಮೇಲೆ ತಮ್ಮ ಎಡಗೈ ಹೆಬ್ಬೆರಳಿನ ಬುಡದಲ್ಲಿದ್ದ ಬಿಳಿಯ ಗೆರೆಯೊಂದನ್ನು ತೋರಿಸಿದರು. ಮದುವೆಗೆ ಮುಂಚೆ ಅವರ ಮೊದಲ ಚಾಕು ಅವರನ್ನು ಹಾಗೆಯೇ ಕಚ್ಚಿತ್ತಂತೆ. ಇಬ್ಬರೂ ಕೈ ಪಕ್ಕಪಕ್ಕ ಇಟ್ಟು ನೋಡಿಕೊಂಡೆವು. ನನ್ನ ಬೆರಳು ಸಿಡಿಯುತ್ತಿತ್ತು, ಆದರೂ ನಗು ಬಂತು.

ಎರಡನೆಯ ಸಲ ನಾವು ಅವಸರ ಮಾಡಲಿಲ್ಲ. ಶಾಲೆಗೆ ರಜೆಯಿದ್ದ ದಿನ ಮಾವನವರ ಜೊತೆ ಕೊಟ್ಟೂರಿನ ಸಂತೆಗೆ ಹೋದೆ. ಅವರು ಹಗ್ಗ ಹರವಿಕೊಂಡು ಕೂತರು. ಪಕ್ಕದಲ್ಲೇ ಗೋಣಿಚೀಲ ಹಾಸಿ ಚಾಕು, ಕತ್ತರಿ, ಬೀಗ ಮಾರುವವನೊಬ್ಬನಿದ್ದ. ಗಿರಾಕಿಗಳಿಲ್ಲದ ಹೊತ್ತಲ್ಲಿ ಮಾವನವರು ಅವನಿಂದ ಒಂದೊಂದೇ ಚಾಕು ಇಸಿದುಕೊಂಡು, ತಮ್ಮ ಹಗ್ಗಗಳ ತುದಿಯ ಮೇಲೆ ನನ್ನ ಕೈಯಿಂದಲೇ ಪರೀಕ್ಷೆ ಮಾಡಿಸಿದರು.

"ತುದಿ ಹಿಡಿದು ಅಲ್ಲಾಡಸು. ಅಲ್ಲಾಡ್ತಿದ್ರ ಇಟ್ಟುಬಿಡು. ಬಿಚ್ಚುವಾಗ ಉಗುರು ಕಿತ್ತು ಬರೂವಷ್ಟು ಬಿಗಿನೂ ಇರಬಾರದು. ಹಿಡಿ ಮುಷ್ಟ್ಯಾಗ ತುಂಬಬೇಕು, ಆದ್ರ ಹಿಂದ ಚಾಚಬಾರದು."

ಅವರಿಗೆ ಹಿಡಿಸಿದ್ದು ಶೀಶಮ್ ಮರದ ಹಿಡಿಯ ದೊಡ್ಡ ಚಾಕು. ಹಗ್ಗ ಅದರ ಮುಂದೆ ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತಿತ್ತು.

"ಇದು ನಿಮ್ಮ ಸಂತಿಗೆ ಮಾವಾರ" ಎಂದೆ. "ಇದನ್ನ ತೆಗದ್ರ ನಮ್ಮ ಹುಡುಗ್ರು ಶಾಲಿ ಬಿಟ್ಟು ಓಡಿಹೋಗ್ತಾರ."

ಕೊನೆಗೆ ಒಂದು ಸಿಕ್ಕಿತು. ಕಪ್ಪು ಹಿಡಿ, ನನ್ನ ಅಂಗೈಯಷ್ಟೇ ಉದ್ದ. ಬಿಡಿಸಿದರೆ ಟಕ್ಕೆಂದು ನಿಲ್ಲುತ್ತಿತ್ತು. ಹಿಡಿಯ ಬೆನ್ನಿನಲ್ಲಿದ್ದ ಪಟ್ಟಿಯನ್ನು ಒತ್ತದ ಹೊರತು ಮಡಚುತ್ತಿರಲಿಲ್ಲ. ಮಾವನವರು ಹಿಂದಿನಿಂದ, ಮುಂದಿನಿಂದ ಒತ್ತಿ ನೋಡಿ ತಲೆಯಾಡಿಸಿದರು. ನಾನು ಬಾಟಲಿಯ ನೀರಿನಿಂದ ಕೈ ಒದ್ದೆ ಮಾಡಿಕೊಂಡು, ಮತ್ತೆ ಅದನ್ನು ಬಿಡಿಸಿ ಮಡಚಿದೆ.

"ಅದ್ಯಾಕವ್ವಾ?"

"ಬ್ಯಾಸಗ್ಯಾಗ ನನ್ನ ಕೈ ಬೆವರತಾವ್ರಿ. ಅದರ ಮ್ಯಾಲ ಸೀಮೆಸುಣ್ಣ. ಜಾರಿದ್ರ?"

ಅವರು ಚಾಕು ಮಾರುವವನ ಕಡೆ ತಿರುಗಿ, "ನೋಡ್ದೇನಲೇ, ಇಷ್ಟು ವರ್ಷದಾಗ ಇದು ನನಗ ಹೊಳೆದಿದ್ದಿಲ್ಲ" ಎಂದು ದೊಡ್ಡ ದನಿಯಲ್ಲಿ ಹೇಳಿದರು. ಆ ದಿನ ಹಗ್ಗ ಕೊಳ್ಳಲು ಬಂದವರಿಗೆಲ್ಲ, ಕೇಳಲಿ ಬಿಡಲಿ, ನಮ್ಮ ಸೊಸೆ ಕೈ ಒದ್ದೆ ಮಾಡಿಕೊಂಡು ಚಾಕು ಆರಿಸಿದಳು ಎಂಬ ಕಥೆ ಆಯಿತು.

ಆ ಚಾಕು ನನ್ನ ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿ ಜಾಗ ಹಿಡಿಯಿತು. ಭಾನುವಾರ ಬೆಳಿಗ್ಗೆ ಮಾವನವರೂ ನಾನೂ ಅಂಗಳದಲ್ಲಿ ಸಾಣೆಕಲ್ಲಿನ ಎದುರು ಕೂರುತ್ತಿದ್ದೆವು. ಕಲ್ಲಿಗೆ ನೀರು ಚಿಮುಕಿಸಿ ಅಲಗನ್ನು ಒರಗಿಸಿ ಎಳೆಯುವುದು, ಎರಡೂ ಮಗ್ಗುಲು ಸಮ ಮಾಡುವುದು, ಒರೆಸಿ ಮೊಳೆಯ ಸಂದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಡುವುದು. ನಿಂಬೆಹಣ್ಣು ಕೊಯ್ದರೆ ಕೂಡಲೇ ಒರೆಸಬೇಕು, ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಬೇಕು, ಅಲಗಿನ ಬಾಯಿ ಯಾವತ್ತೂ ಮೈಯಿಂದ ಆಚೆಗಿರಬೇಕು. ಅವರು ಇದನ್ನೆಲ್ಲ ಪಾಠದ ಹಾಗೆ ಹೇಳಲಿಲ್ಲ. ನಾನು ತಪ್ಪು ಮಾಡಿದಾಗ "ಹ್ಞಾಂ!" ಅನ್ನುತ್ತಿದ್ದರು, ಅಷ್ಟೇ.

ಬಸ್ಸಿನಲ್ಲಿ ನನ್ನ ಚಾಕಿಗೆ ಹೆಸರೇ ಬಂತು. ಹಡಗಲಿಯಲ್ಲಿ ಮಲ್ಲಿಗೆ ಮಾಲೆ ಕೊಂಡ ಹೆಂಗಸರು ಅದನ್ನು ಹಂಚಿಕೊಂಡು ಮುಡಿಯಲು "ಟೀಚರ್, ಚಾಕು ಕೊಡ್ರಿ" ಅನ್ನುತ್ತಿದ್ದರು. ಹಲ್ಲಿನಿಂದ ಕಚ್ಚಿದ ಹೂ ದೇವರಿಗೆ ನಡೆಯುವುದಿಲ್ಲವಲ್ಲ. ಹಗ್ಗದ ಗಂಟು ಬಿಡದ ಮೂಟೆ, ಸೌತೆಕಾಯಿ, ಮಗುವಿನ ಕಾಲಲ್ಲಿ ಬಿಗಿದು ಕೂತ ದಾರ, ಹೊಸ ಬಟ್ಟೆಗೆ ಹೊಲಿದ ಚೀಟಿ, ಎಲ್ಲಕ್ಕೂ ಅದು ಬೇಕು. ಶಾಲೆಯಲ್ಲಿ ಅಕ್ಕಿ ಚೀಲದ ಹೊಲಿಗೆ ಬಿಚ್ಚುವುದು ನನ್ನ ಕೆಲಸವಾಯಿತು. ಮಧ್ಯಾಹ್ನ ಹೆಡ್‌ಮಾಸ್ತರರು ತಮ್ಮ ಹೊಲದ ಮಾವಿನಕಾಯಿ ತಂದರೆ ಹೋಳು ಮಾಡಿ ಉಪ್ಪು ಖಾರ ಹಚ್ಚುತ್ತಿದ್ದೆ.

ಆಮೇಲೊಂದು ಬೇಸಿಗೆಯಲ್ಲಿ ಅದು ಬೇರೆಯದೇ ಕೆಲಸಕ್ಕೆ ಬಂತು.

ಶಾಲೆ ಬಿಟ್ಟ ಮೇಲೆ ರಸ್ತೆ ಬದಿಯ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದೆ. ಬಿಸಿಗಾಳಿ ಬೀಸುತ್ತಿತ್ತು. ಹಡಗಲಿಯ ಕಡೆಯಿಂದ ಲೂನಾ ಒಂದು ಬಂತು. ಓಡಿಸುತ್ತಿದ್ದವನು ಹೊಸ ಅಂಗಿ ತೊಟ್ಟಿದ್ದ. ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಿದ್ದ ಹುಡುಗಿಯ ಮೈಮೇಲೆ ಹಸಿರು ರೇಷ್ಮೆ ಸೀರೆ. ಯಾವುದೋ ಮದುವೆಯಿಂದ ಬರುತ್ತಿದ್ದಾರೆ ಅಂದುಕೊಂಡೆ. ಗಾಳಿಗೆಂದು ಅವಳು ಸೆರಗನ್ನು ಕೊರಳ ಸುತ್ತ ಸುತ್ತಿಕೊಂಡಿದ್ದಳು. ಅದರ ತುದಿ ಹಿಂದಕ್ಕೆ ಹಾರುತ್ತಿತ್ತು.

ನನ್ನೆದುರೇ ಆ ತುದಿ ಚಕ್ರಕ್ಕೆ ಸಿಕ್ಕಿತು. ಹುಡುಗಿ ಹಿಂದಕ್ಕೆ ಬಾಗಿದಳು, ಗಾಡಿ ಓಲಾಡಿ ಮಗುಚಿತು. ಬಿದ್ದದ್ದು ಮೆಲ್ಲಗೇ. ಆದರೆ ಅವಳು ಏಳಲಿಲ್ಲ. ಸೆರಗು ಚೈನಿನೊಳಗೆ ಸುತ್ತಿಕೊಂಡು ಅವಳ ಕೊರಳನ್ನು ಚಕ್ರದ ಹತ್ತಿರಕ್ಕೆ ಎಳೆದು ಹಿಡಿದಿತ್ತು. ಎಂಜಿನ್ನು ಇನ್ನೂ ಗುರುಗುಡುತ್ತಿತ್ತು. ಅವಳ ಎರಡು ಕೈಯೂ ಕುತ್ತಿಗೆಯ ಬಟ್ಟೆಯ ಮೇಲೆ, ಬಾಯಿ ತೆರೆದೇ ಇದ್ದರೂ ದನಿಯಿಲ್ಲ. ಗಂಡ ಗಾಬರಿಯಿಂದ ಸೆರಗನ್ನು ಜಗ್ಗುತ್ತಿದ್ದ. ಜಗ್ಗಿದಷ್ಟೂ ಬಿಗಿಯುತ್ತಿತ್ತು.

"ಗಾಡಿ ಬಂದ್ ಮಾಡು! ಜಗ್ಗಬ್ಯಾಡ!" ಎಂದು ಕೂಗುತ್ತ ಓಡಿದೆ. ಓಡುತ್ತಲೇ ಬ್ಯಾಗಿನೊಳಗೆ ಕೈ ಹಾಕಿದ್ದೆ. ಅವಳ ಪಕ್ಕ ಮಂಡಿಯೂರಿ, ಕಿವಿಯ ಕೆಳಗೆ ಬಟ್ಟೆಯೊಳಕ್ಕೆ ಬೆರಳು ತೂರಿಸಲು ನೋಡಿದೆ. ಮೊದಲು ಜಾಗವೇ ಸಿಗಲಿಲ್ಲ. ಕಡೆಗೆ ಎರಡು ಬೆರಳು ಹೋದವು. ಅವುಗಳ ಮೇಲೆ ಅಲಗಿನ ಬೆನ್ನಿಟ್ಟು, ಬಾಯಿ ಹೊರಗಿಟ್ಟು ಎಳೆದೆ. ರೇಷ್ಮೆ ಬೇಗ ಹರಿಯಿತು. ಜರಿಯ ಅಂಚು ಹರಿಯಲಿಲ್ಲ. ಗರಗಸದ ಹಾಗೆ ಮತ್ತೆ ಮತ್ತೆ ಆಡಿಸಿದೆ. ನನ್ನ ಕೈ ಬೆವರಿನಿಂದ ನೀರಾಗಿತ್ತು. ಆಮೇಲೆ ಒಮ್ಮೆಲೇ ಬಟ್ಟೆ ಬಿಟ್ಟುಕೊಟ್ಟಿತು, ಹುಡುಗಿ ನನ್ನ ತೊಡೆಯ ಮೇಲೆ ಬಿದ್ದಳು.

ಅವಳು ಕೆಮ್ಮಿದಳು, ಉಸಿರೆಳೆದಳು, ಮತ್ತೆ ಕೆಮ್ಮಿದಳು. ಕೊರಳ ಸುತ್ತ ಕೆಂಪಗೆ ಬರೆ ಎದ್ದಿತ್ತು. ಬಾಟಲಿಯಲ್ಲಿದ್ದ ನೀರು ಕುಡಿಸಿದೆ. ಎದ್ದು ಕೂತವಳು ತುಂಡಾದ ಸೆರಗನ್ನು ಕೈಗೆ ತೆಗೆದುಕೊಂಡು ನೋಡಿದಳು.

"ಸೀರಿ ಕತ್ತರಿಸಿಬಿಟ್ರೇನ್ರಿ ಅಕ್ಕಾರ?" ಎಂದವಳೇ ಹೋ ಎಂದು ಅಳತೊಡಗಿದಳು. "ನಮ್ಮತ್ತಿ ಸೀರಿ ಇದು. ಒಂದಿನಕ್ಕಂತ ಕೇಳಿ ಉಟ್ಟಿದ್ದೆ. ಹೆಂಗ ಹೋಗ್ಲಿ ಮನೀಗೆ?"

ಅವಳ ಗಂಡನೂ ಅಳುತ್ತಿದ್ದ. ಅವನು ಅಳುತ್ತಿದ್ದುದು ಸೀರೆಗಲ್ಲ. ಅವಳ ಪಾದ ಹಿಡಿದುಕೊಂಡು ರಸ್ತೆಯಲ್ಲೇ ಕೂತಿದ್ದ.

ನನ್ನ ಬಸ್ಸು ಬಂತು, ಹೋಯಿತು. ಅವರ ಊರು ನಡೆದು ಹೋಗುವಷ್ಟೇ ದೂರ. ಅವಳು ನನ್ನ ಕೈ ಬಿಡಲಿಲ್ಲ. ಅವನು ಗಾಡಿ ತಳ್ಳುತ್ತ ಮುಂದೆ, ನಾವಿಬ್ಬರೂ ಹಿಂದೆ. ದಾರಿಯುದ್ದಕ್ಕೂ ಅವಳು, "ನೀವ ಹೇಳ್ರಿ ಅಕ್ಕಾರ, ನಾ ಹೇಳಾಂಗಿಲ್ಲ" ಎನ್ನುತ್ತಿದ್ದಳು. ಸಾಯುವುದರಿಂದ ಪಾರಾದ ನೆನಪೇ ಅವಳಿಗಿರಲಿಲ್ಲ. ನನಗೂ ಆ ಅತ್ತೆಯ ಹೆದರಿಕೆ ಹತ್ತಿಕೊಂಡಿತು.

ಬಾಗಿಲಲ್ಲೇ ನಿಂತಿದ್ದ ಅತ್ತೆ ಎತ್ತರದ, ಗಟ್ಟಿಯಾದ ಹೆಂಗಸು. ನಾನು ನಡೆದದ್ದನ್ನು ಹೇಳಲು ಶುರುಮಾಡಿದೆ. ಆಕೆ ಕೇಳುತ್ತ ಕೇಳುತ್ತ ಸೊಸೆಯ ಹತ್ತಿರ ಬಂದು, ಗದ್ದ ಎತ್ತಿ ಕೊರಳ ಬರೆ ನೋಡಿದರು. ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಆಮೇಲೆ ಮಗನ ಕಡೆ ತಿರುಗಿ ಅವನ ಬೆನ್ನಿಗೆ ರಪ್ಪೆಂದು ಬಾರಿಸಿದರು.

"ಹಿಂದ ಹೆಂಡ್ತಿ ಕೂತಾಳ ಅನ್ನೋ ಖಬರು ಬ್ಯಾಡೇನಲೇ ನಿನಗ?"

"ಅತ್ತೀ, ಸೀರಿ..." ಎಂದಳು ಹುಡುಗಿ.

"ಸುಟ್ಟು ಬರ್ಲಿ ಸೀರಿ. ನಿಮ್ಮವ್ವಗ ನಾ ಏನಂತ ಹೇಳ್ತಿದ್ದೆನೇ ಹುಚ್ಚಿ?" ಎಂದು ಅವಳನ್ನು ತಬ್ಬಿಕೊಂಡರು. ಆಗ ಅತ್ತೆ ಅತ್ತರು, ಸೊಸೆ ಸಮಾಧಾನ ಮಾಡಬೇಕಾಯಿತು. ನನಗೆ ಮಜ್ಜಿಗೆ ಕೊಟ್ಟು, ಚಾಕು ತೋರಿಸಿ ಎಂದರು. ಮಡಚಿ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಪಕ್ಕದ ಮನೆಯ ಹೆಂಗಸರನ್ನು ಕೂಗಿ ಕರೆದರು. "ನೋಡ್ರಿ, ಇಷ್ಟುದ್ದ ಐತಿ" ಎಂದು ಒಬ್ಬೊಬ್ಬರಿಗೂ ತೋರಿಸಿದರು.

ನಾನು ಊರು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮಾವನವರು ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು. ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಅವರು ನನ್ನ ಬೆರಳುಗಳನ್ನು ನೋಡಿದರು.

"ಅಲಗು ಯಾ ಕಡೆಗಿತ್ತು?"

"ಹೊರಗಡೀಗಿತ್ರಿ ಮಾವಾರ."

"ಹ್ಞೂಂ" ಎಂದರು. ನನ್ನ ಬ್ಯಾಗನ್ನು ತಾವೇ ಎತ್ತಿಕೊಂಡು ಮನೆಯ ಕಡೆ ಹೊರಟರು.

ಮನೆಯಲ್ಲಿ ಚಾಕು ಬಿಡಿಸಿದಾಗ ಮೊಳೆಯ ಸಂದಿಯಲ್ಲಿ ಜರಿಯ ಎಳೆಗಳು ಸಿಕ್ಕಿಕೊಂಡಿದ್ದವು. ಮಾವನವರು ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಪಿನ್ನಿನಿಂದ ಒಂದೊಂದನ್ನೇ ಹೊರಗೆಳೆದರು. ಅತ್ತೆಯವರು ನಾನು ಮತ್ತೆ ಹೇಳಿದ್ದನ್ನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೇ ಕೇಳಿಸಿಕೊಂಡಿದ್ದರು. ಒಳಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು ನನಗೆ ದೃಷ್ಟಿ ತೆಗೆದರು. ಒಲೆಗೆ ಹಾಕಲು ಹೊರಟವರು ನಿಂತು ಯೋಚಿಸಿದರು. "ಅದನ್ನೂ ಇಲ್ಲಿ ಇಡ್ರಿ" ಎಂದು ಚಾಕನ್ನು ನನ್ನ ಪಕ್ಕ ಇಡಿಸಿ, ಅದರ ಮೇಲೂ ಮುಷ್ಟಿ ಸುತ್ತಿಸಿದರು. ನಾವು ಯಾರೂ ನಗಲಿಲ್ಲ.

ಕೆಲವು ವಾರಗಳ ನಂತರ, ಒಂದು ಭಾನುವಾರ ನಾವಿಬ್ಬರೂ ಸಾಣೆ ಹಿಡಿಯುತ್ತಿದ್ದಾಗ ಅತ್ತೆಯವರು ಕಂಬಕ್ಕೆ ಒರಗಿ ನಿಂತರು.

"ನನಗೂ ಒಂದು ಬೇಕು."

ಮಾವನವರು ತಲೆಯೆತ್ತಿದರು. "ಏನು?"

"ಏನಂದ್ರ? ಚಾಕು. ಎಲಿ ಅಡಕಿ ಸಂಚ್ಯಾಗ ಇಟ್ಗೊಳ್ಳಾಕ."

"ಅಲ್ಲಲೇ, ಮದುವ್ಯಾದಾಗಿಂದ ಒಂದಿನ ಕೇಳಲಿಲ್ಲಲ್ಲ ನೀನು?"

"ನೀವು ಒಂದಿನ ಬೇಕೇನು ಅಂದ್ರೇನು? ಸೊಸಿ ಬಂದ ಕೂಡ್ಲೆ ಬಸ್ ಹತ್ತಿಸ್ಕೊಂಡು ಹೋದ್ರಿ."

ಮಾವನವರ ಮುಖ ನೋಡುವ ಹಾಗಿತ್ತು. ಮುಂದಿನ ರಜೆಗೆ ನಾವು ಮೂವರೂ ಹರಪನಹಳ್ಳಿಗೆ ಹೋದೆವು. ಅತ್ತೆಯವರು ಅಂಗಡಿಯ ಮಾಲೀಕರಿಂದ ಪೆಟ್ಟಿಗೆ ಪೆಟ್ಟಿಗೆ ಇಳಿಸಿದರು. ತಮ್ಮ ಸಂಚಿಯಿಂದಲೇ ವೀಳ್ಯದೆಲೆ ತೆಗೆದು ತೊಟ್ಟು ಕೊಯ್ದು ನೋಡಿದರು. ಪಾತ್ರೆ ತಿಕ್ಕಿ ತಿಕ್ಕಿ ಅವರ ಹೆಬ್ಬೆರಳ ಉಗುರು ಸವೆದು ಹೋಗಿತ್ತು. ಮಾವನವರು ಹೊಗಳಿದ ಚಾಕುಗಳೆಲ್ಲ ಅವರ ಉಗುರಿಗೆ ಬಗ್ಗಲಿಲ್ಲ. ಕೊನೆಗೆ, ಮಡಚಿದಾಗಲೂ ಅಲಗಿನ ಬೆನ್ನು ಹಿಡಿಯಿಂದ ಮೇಲಕ್ಕೆ ಕಾಣುವ, ಎರಡು ಬೆರಳಲ್ಲಿ ಚಿವುಟಿ ಎಳೆದರೆ ಬರುವ ಹಳದಿ ಮರದ ಹಿಡಿಯದೊಂದನ್ನು ತಾವೇ ಹುಡುಕಿ ತೆಗೆದರು. ಅದು ಆಮೇಲೆ ಸಂಚಿ ಬಿಟ್ಟು ಅವರ ಸೊಂಟದ ಕೀಲಿಗೊಂಚಲಿಗೆ ಸೇರಿಕೊಂಡು, ಮನೆಯಲ್ಲಿ ಅವರು ಎಲ್ಲಿದ್ದಾರೆಂದು ನಮಗೆ ಸದ್ದಿನಿಂದಲೇ ತಿಳಿಯುವ ಹಾಗಾಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಾವನವರಿಗೆ ಲಕ್ವಾ ಹೊಡೆಯಿತು. ಮಾತು ಬೇಗ ಮರಳಿತು, ಕಾಲೂ ಒಂದು ಮಟ್ಟಿಗೆ ಬಂತು. ಬಲಗೈ ಮಾತ್ರ ಮಡಿಲಲ್ಲೇ ಉಳಿಯಿತು. ಸಂತೆ ನಿಂತಿತು. ಉಳಿದ ಹಗ್ಗದ ಸುರುಳಿಗಳು ಪಡಸಾಲೆಯ ಮೂಲೆಯಲ್ಲಿದ್ದವು. ಚಾಕು ಉಡದಾರದಲ್ಲೇ ಇತ್ತು. ಒಂದು ಮಧ್ಯಾಹ್ನ ಅವರು ಅದನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಲು ನೋಡುತ್ತಿದ್ದುದನ್ನು ಅತ್ತೆ ಕಂಡರು. ನೇರ ಒಳಗೆ ಬಂದು, "ನಾಳೆ ಶಾಲಿಗೆ ರಜಾ ಹಾಕು" ಎಂದರು ನನಗೆ.

ಹರಪನಹಳ್ಳಿಯ ಅಂಗಡಿಯಲ್ಲಿ ಆಗ ಮಗ ಕೂರುತ್ತಿದ್ದ. ಒಂದೇ ಕೈಯಲ್ಲಿ ಬಿಚ್ಚುವಂಥದ್ದು ಬೇಕು, ಅದೂ ಎಡಗೈಯಲ್ಲಿ ಎಂದೆವು. ಅವನು ಹೊಸ ನಮೂನೆಯದನ್ನು ತೋರಿಸಿದ. ಅಲಗಿನ ಎರಡೂ ಮಗ್ಗುಲಿಗೆ ಗುಂಡಿಯಂಥ ಪುಟ್ಟ ಗುಬಟು. ಹೆಬ್ಬೆರಳಿನಿಂದ ತಳ್ಳಿದರೆ ತೆರೆದು ನಿಲ್ಲುತ್ತದೆ. ಮಡಚುವಾಗ ಅಲಗನ್ನು ತೊಡೆಗೋ ಗೋಡೆಗೋ ಒರಗಿಸಿದರೆ ಬೆರಳಿಗೆ ತಾಗುತ್ತದೆಯೇ ಎಂದು ಅತ್ತೆಯೂ ನಾನೂ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಯಲ್ಲಿ ಸರದಿಯ ಮೇಲೆ ಪ್ರಯತ್ನಿಸಿದೆವು. ಅಂಗಡಿಯಲ್ಲಿದ್ದವರು ನಮ್ಮನ್ನೇ ನೋಡುತ್ತಿದ್ದರು. ಬೆರಳಿಗೆ ಅಪಾಯವಿಲ್ಲದೆ ಮಡಚಬಹುದಾದ ಒಂದು ಸಿಗುವವರೆಗೆ ಅತ್ತೆ ಅಲ್ಲಿಂದ ಕದಲಲಿಲ್ಲ.

ಮಾವನವರು ಅದನ್ನು ನೋಡಿ ಮುಖ ಸಿಂಡರಿಸಿದರು. "ಇದು ಸಿನಿಮಾದಾಗ ರೌಡಿಗಳು ಇಟ್ಗೊಂತಾರಲ್ಲ, ಅಂಥಾದ್ದು. ನನಗ ಬ್ಯಾಡ."

"ನಿಮ್ಮನ್ನ ಯಾರು ಕೇಳ್ಯಾರ? ಹಿಡೀರಿ" ಎಂದು ಅತ್ತೆ ಅವರ ಎಡಗೈಯಲ್ಲಿ ಅದನ್ನಿಟ್ಟು ಹೋದರು.

ಮೊದಲ ದಿನ ಮುಟ್ಟಲಿಲ್ಲ. ಮಾರನೆಯ ದಿನದಿಂದ ಕಟ್ಟೆಯ ಕಡೆಯಿಂದ ಟಕ್, ಟಕ್ ಎನ್ನುವ ಸದ್ದು ಶುರುವಾಯಿತು. ಬಿಡಿಸುವುದು, ತೊಡೆಗೆ ಒತ್ತಿ ಮಡಚುವುದು, ಮತ್ತೆ ಬಿಡಿಸುವುದು. ಅಡುಗೆಮನೆಯಿಂದ ಅತ್ತೆ, "ಸಾಕ ಮಾಡ್ರಿ, ಕಿವಿ ಕೊರದಂಗಾಗಾಕತ್ತೈತಿ" ಎಂದು ಕೂಗುತ್ತಿದ್ದರು. ಸದ್ದು ಸ್ವಲ್ಪ ಹೊತ್ತು ನಿಂತರೆ ತಾವೇ ಬಾಗಿಲಿಗೆ ಬಂದು ಇಣುಕಿ ನೋಡುತ್ತಿದ್ದರು.

ದಸರಾ ರಜೆಯಲ್ಲಿ ಪಕ್ಕದ ಓಣಿಯ ರೈತರೊಬ್ಬರು ಬಂದರು. ಅವರ ಎಮ್ಮೆ ಕರು ಹಾಕಿತ್ತು, ಕೊರಳಿಗೆ ಮೆತ್ತನೆಯ ಹಗ್ಗ ಬೇಕಿತ್ತು. ನಾನು ಮೂಲೆಯಿಂದ ನೂಲಿನ ಹಗ್ಗದ ಸುರುಳಿ ತಂದುಕೊಟ್ಟೆ. ಕತ್ತರಿಸಿ ಕೊಡಲೇ ಎಂದು ಕೇಳಬೇಕೆಂದಿದ್ದೆ, ಅತ್ತೆ ಕಣ್ಣಲ್ಲೇ ತಡೆದರು. ಮಾವನವರು ಹಗ್ಗವನ್ನು ಕಾಲಿನ ಹೆಬ್ಬೆರಳಿನಿಂದ ಕಟ್ಟೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ರೈತರಿಗೆ ಕೊಟ್ಟರು.

"ಜಗ್ಗಿ ಹಿಡಿ. ಇನ್ನಷ್ಟು. ಕರು ಬೆಳೀತೈತಿ, ಗೇಣು ಜಾಸ್ತಿ ಇರ್ಲಿ."

ಎಡಗೈಯಲ್ಲಿ ಚಾಕು ಟಕ್ಕೆಂದು ತೆರೆಯಿತು. ಅಲಗು ಒಮ್ಮೆ ಜಾರಿತು, ಎರಡನೆಯ ಎಳೆತಕ್ಕೆ ಹಗ್ಗ ತುಂಡಾಯಿತು. ರೈತರು ಅದನ್ನು ಹೆಗಲಿಗೆ ಹಾಕಿಕೊಂಡು, ಕರು ಹೆಣ್ಣೋ ಗಂಡೋ ಎಂಬ ಮಾತಾಡಿ ಹೋದರು. ಮಾವನವರು ಅಲಗನ್ನು ಪಂಚೆಗೆ ಒರೆಸಿ, ತೊಡೆಗೆ ಒತ್ತಿ ಮಡಚಿ, ಉಳಿದ ಸುರುಳಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು.

"ಒಳಗಿಡವ್ವಾ. ಆಮ್ಯಾಲ ನಿಮ್ಮತ್ತೀಗೆ ಹೇಳು, ಚಾ ಇಡಲಿ" ಎಂದರು.